ವೃದ್ಧರೊಡನೆ ಜಾತ್ರೆಯ ಬಿಡಾರ

ಮಳೆಗಾಲವು ಹಿಂಜರಿದು ಶರದೃತು ಕಾಲಿಟ್ಟಿತೆಂದರೆ ನಮ್ಮ ಗ್ರಾಮಗಳಲ್ಲಿ ಪ್ರಯಾಣದ ಮಾತು ಪ್ರಾರಂಭವಾಗುತ್ತದೆ. ರಾಗಿಯ ತೆನೆ ಬಲಿಯುತ್ತಿರುತ್ತದೆ. ಕೊಯ್ಲಿಗೆ ಇನ್ನೂ ಕೆಲವು ವಾರಗಳ ಬಿಡುವಿರುತ್ತದೆ. ಮಕ್ಕಳಿಗೆ ಶಾಲೆಯ ರಜೆ. ತುಲಾ ಸಂಕ್ರಮಣಕ್ಕೆ ತಲಕಾವೇರಿ, ದೀಪಾವಳಿಗೆ ಮಲೆ ಮಹದೇಶ್ವರನ ಬೆಟ್ಟ, ಕಾರ್ತೀಕ ಮಾಸದಲ್ಲಿ ನೆಲ್ಲಿಯ ಮರದಡಿ ವನಭೋಜನ, ಹೀಗೆ ಒಂದೊಂದು ಸೀಮೆಗೆ ಒಂದೊಂದು ಸಂಪ್ರದಾಯವುಂಟು. ಎರಡು ಹಗಲು, ಎರಡು ರಾತ್ರಿ ಮನೆಯ ಬಾಗಿಲಿಗೆ ಬೀಗ ಹಾಕಿ, ಅಜ್ಜ ಅಜ್ಜಿಯರಿಂದ ಮೊದಲ್ಗೊಂಡು ಎಳೆಯ ಮಕ್ಕಳವರೆಗೆ ಎಲ್ಲರೂ ಕೂಡಿ ಬಯಲಿನಲ್ಲಿ ಬಿಡಾರ ಹೂಡಿ, ಮೂರು ಕಲ್ಲಿನ ಒಲೆಯ ಮೇಲೆ ಅಡುಗೆ ಮಾಡಿ ಉಣ್ಣುವ ಈ ವಾಡಿಕೆಯನ್ನು ವೈದ್ಯನಾದ ನಾನು ನಿರುತ್ಸಾಹಗೊಳಿಸಲಾರೆ. ವರ್ಷವೆಲ್ಲ ಹೊಲ, ಹಟ್ಟಿ ಎಂದು ದುಡಿದ ದಂಪತಿಗಳಿಗೂ, ಮನೆಯ ಮೂಲೆಯಲ್ಲಿ ಕುಳಿತು ಬೇಸತ್ತ ವೃದ್ಧರಿಗೂ ಇದರಿಂದ ದೊರೆಯುವ ಉಲ್ಲಾಸವನ್ನು ಯಾವ ಔಷಧಿಯೂ ಕೊಡಲಾರದು. 2023ರ ಜೂನ್ ತಿಂಗಳಿನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಸೌಲಭ್ಯ ದೊರೆತ ಮೇಲಂತೂ ಊರಿನ ಎಲ್ಲೆ ದಾಟದಿದ್ದ ಅಜ್ಜಿಯರೂ ಕ್ಷೇತ್ರದರ್ಶನಕ್ಕೆ ಹೊರಡುತ್ತಿದ್ದಾರೆ. ಇದು ಸಂತೋಷದ ಸಂಗತಿ.

ಆದರೆ ಜಾತ್ರೆಗಳು ಮುಗಿದ ವಾರದಲ್ಲಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಬೆಂಚಿನ ಮೇಲೆ ಕುಳಿತಿರುವವರಲ್ಲಿ ಅನೇಕರು ಹಿರಿಯರು. ಮಕ್ಕಳ ಆರೈಕೆಯ ಬಗೆಗೆ ಈಗ ತಾಯ್ತಂದೆಯರಲ್ಲಿ ಸಾಕಷ್ಟು ತಿಳಿವಳಿಕೆ ಬಂದಿದೆ. ಹಿರಿಯರ ವಿಷಯದಲ್ಲಿ ಮಾತ್ರ 'ಅವರು ದೊಡ್ಡವರು, ಅವರಿಗೆ ಗೊತ್ತಿರುತ್ತದೆ' ಎಂದು ಸುಮ್ಮನಾಗುತ್ತೇವೆ. ಎಪ್ಪತ್ತು ವರ್ಷದ ಶರೀರದ ಸ್ವಭಾವವು ಎಪ್ಪತ್ತು ವರ್ಷದ ಮನಸ್ಸಿಗೆ ತಿಳಿದಿರಲೇಬೇಕೆಂಬ ನಿಯಮವಿಲ್ಲ. ಬಿಡಾರದ ನಡಿಗೆ, ಊಟ, ನೀರು, ನಿದ್ರೆಗಳನ್ನು ಮನೆಯ ಅತಿ ಹಿರಿಯ ವ್ಯಕ್ತಿಯ ಶಕ್ತಿಗೆ ಹೊಂದಿಸಿಕೊಳ್ಳಬೇಕೆಂಬುದೇ ಈ ಪಾಠದ ವಿಷಯ. ಅದನ್ನು ಹೊಂದಿಸಬೇಕಾದವರು ನಡುವಯಸ್ಸಿನ ಗಂಡ ಹೆಂಡಿರು.

ಉದಾಹರಣೆಗಾಗಿ ಆರು ಜನರ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಅಜ್ಜ, ಅಜ್ಜಿ, ಮಗ, ಸೊಸೆ, ಏಳು ವರ್ಷದ ಹುಡುಗಿ, ಮೂರು ವರ್ಷದ ಇನ್ನೊಬ್ಬಳು. ದೀಪಾವಳಿಯ ಜಾತ್ರೆಗೆ ಮಹದೇಶ್ವರನ ಬೆಟ್ಟಕ್ಕೆ ಹೊರಟಿದ್ದಾರೆ. ಹಾಲರವಿ ಉತ್ಸವವನ್ನೂ ತೇರನ್ನೂ ನೋಡಿ ಮರಳುವುದು ಸಂಕಲ್ಪ. ಅಜ್ಜನಿಗೆ ರಕ್ತದ ಒತ್ತಡ, ಅಜ್ಜಿಗೆ ಸಕ್ಕರೆ ಕಾಯಿಲೆ. ಇಂತಹ ಕುಟುಂಬಗಳು ಇಂದು ಪ್ರತಿ ಬೀದಿಯಲ್ಲಿಯೂ ಇವೆ.

ಹೊರಡುವ ಮುನ್ನ

ಅಕ್ಕಿ, ಬೇಳೆ, ಖಾರದ ಪುಡಿ, ಪಾತ್ರೆ, ಚಾಪೆ ಎಲ್ಲವನ್ನೂ ಗಂಟು ಕಟ್ಟುವ ಮನೆಗಳಲ್ಲಿ ಅಜ್ಜನ ಮಾತ್ರೆ ಮಾತ್ರ ಗೂಡಿನಲ್ಲಿಯೇ ಉಳಿದುಬಿಡುತ್ತದೆ. 'ಎರಡು ದಿನಕ್ಕೇನು, ಬಂದು ನುಂಗಿದರಾಯಿತು' ಎಂಬುದು ವಾಡಿಕೆಯ ಮಾತು. ರಕ್ತದ ಒತ್ತಡದ ಮಾತ್ರೆಯನ್ನು ಹಠಾತ್ತಾಗಿ ನಿಲ್ಲಿಸಿದರೆ ಒತ್ತಡವು ಮತ್ತೆ ಏರುತ್ತದೆ. ಏರುದಾರಿಯ ಶ್ರಮವೂ ನಿದ್ದೆಗೇಡೂ ಅದಕ್ಕೆ ಸೇರಿದರೆ ಅಪಾಯ ಇಮ್ಮಡಿಯಾಗುತ್ತದೆ. ಆದುದರಿಂದ ಪ್ರಯಾಣದ ದಿನಗಳಿಗೆ ಬೇಕಾದಷ್ಟು ಮಾತ್ರೆಗಳನ್ನೂ, ಅದರ ಮೇಲೆ ಇನ್ನೆರಡು ದಿನಕ್ಕೆ ಹೆಚ್ಚಾಗಿಯೂ ತೆಗೆದುಕೊಳ್ಳತಕ್ಕದ್ದು. ಚೀಟಿಯನ್ನು ಮಾತ್ರೆಯ ಜೊತೆಯಲ್ಲಿಯೇ ಇಡಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರು ಬಾಟಲಿಯನ್ನು ನೀರು ಸೋಕದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿದ ಸಣ್ಣ ಮಣ್ಣಿನ ಕುಡಿಕೆಯಲ್ಲಿಟ್ಟು ನೆರಳಿನಲ್ಲಿ ಕೊಂಡೊಯ್ಯಬಹುದು.

ಯಾವ ಮಾತ್ರೆ ಯಾವ ಹೊತ್ತಿಗೆ ಎಂಬುದು ಹೆಚ್ಚಿನ ಮನೆಗಳಲ್ಲಿ ಸೊಸೆಗೆ ಮಾತ್ರ ತಿಳಿದಿರುತ್ತದೆ. ತಂದೆಯ ಮಾತ್ರೆಯ ಬಣ್ಣವನ್ನೂ ಅರಿಯದ ಮಗ ಜಾತ್ರೆಯ ಗದ್ದಲದಲ್ಲಿ ಆಕೆ ದೂರವಿದ್ದಾಗ ಏನು ಮಾಡಿಯಾನು? ಹೊರಡುವ ಹಿಂದಿನ ರಾತ್ರಿ ಗಂಡ ಹೆಂಡಿರಿಬ್ಬರೂ ಕುಳಿತು ಇದನ್ನು ಒಮ್ಮೆ ಒಪ್ಪಿಸಿಕೊಳ್ಳಲಿ. ನನ್ನ ಅಭಿಪ್ರಾಯದಲ್ಲಿ ಹಿರಿಯರ ಔಷಧಿಯ ಚೀಲವು ಮಗನ ಹೆಗಲ ಮೇಲೆಯೇ ಇರತಕ್ಕದ್ದು.

ಏರುದಾರಿ

ತಾಳಬೆಟ್ಟದಿಂದ ಮೇಲಕ್ಕೆ ನಡೆದೇ ಹತ್ತುವ ಹರಕೆ ಹೊತ್ತವರು ಅನೇಕರುಂಟು. ಹಿರಿಯರ ಹರಕೆಯನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ನಾಲ್ಕು ಹೆಜ್ಜೆಗೆ ಏದುಸಿರು ಬರುವವರು, ಪಾದ ಊದಿಕೊಂಡಿರುವವರು, ನಡೆಯುವಾಗ ಎದೆ ಹಿಂಡಿದಂತಾಗುತ್ತದೆ ಎನ್ನುವವರು ಬಸ್ಸಿನಲ್ಲಿಯೇ ಹೋಗಿ, ಕೊನೆಯ ಸ್ವಲ್ಪ ದೂರವನ್ನು ನಡೆದು ಹರಕೆ ಸಲ್ಲಿಸಬಹುದು. ನಡೆಯಬಲ್ಲ ಹಿರಿಯರೂ ಊಟವಾದ ಕೂಡಲೆ ಹತ್ತಕೂಡದು. ಅವರನ್ನು ಗುಂಪಿನ ಮುಂದೆ ನಡೆಸಬೇಕು, ಹಿಂದೆ ಅಲ್ಲ. ಹಿಂದೆ ಬಿಟ್ಟರೆ ಕಿರಿಯರ ವೇಗಕ್ಕೆ ಸಮನಾಗಲು ನಾಚಿಕೆಯಿಂದ ಓಡುತ್ತಾರೆ. ಮುಂದೆ ಬಿಟ್ಟರೆ ಕಿರಿಯರು ಅವರ ವೇಗಕ್ಕೆ ಇಳಿಯುತ್ತಾರೆ. ಎದೆನೋವು ಬಂದು, ತಣ್ಣನೆಯ ಬೆವರು ಕಿತ್ತು, ನೋವು ಎಡಗೈಗಾಗಲಿ ದವಡೆಗಾಗಲಿ ಹರಿದರೆ ಅದನ್ನು ವಾಯುವೆಂದು ಭಾವಿಸಿ ಸೋಡ ಕುಡಿಸುತ್ತ ಕಾಲ ಕಳೆಯಬಾರದು. ಕುಳ್ಳಿರಿಸಿ, ಮತ್ತೆ ಒಂದು ಹೆಜ್ಜೆಯನ್ನೂ ಇಡಗೊಡದೆ 108ಕ್ಕೆ ಕರೆ ಮಾಡಬೇಕು.

ನೀರು

ಇಲ್ಲಿ ನಾನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ. ಏಕೆಂದರೆ ಹೊರಗೆ ಕಾಣದ ಅಪಾಯ ಇರುವುದು ಇಲ್ಲಿಯೇ.

ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಂದುತ್ತದೆ. ಶರೀರಕ್ಕೆ ನೀರು ಬೇಕಾಗಿದ್ದರೂ ನಾಲಗೆಗೆ ಅದು ತಿಳಿಯದು. ಮೂತ್ರಪಿಂಡಗಳೂ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು ಕೊಂಚ ಕಳೆದುಕೊಂಡಿರುತ್ತವೆ. ರಕ್ತದ ಒತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸುವಂತಹವು. ಇವೆಲ್ಲಕ್ಕಿಂತ ಮಿಗಿಲಾದ ಕಾರಣವನ್ನು ಅಜ್ಜಿಯರು ಬಾಯಿಬಿಟ್ಟು ಹೇಳುವುದಿಲ್ಲ. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು. ಜಾತ್ರೆಯ ಬಯಲಿನಲ್ಲಿ ಮರೆಯೆಲ್ಲಿದೆ? ಶೌಚಾಲಯದ ಮುಂದೆ ಉದ್ದನೆಯ ಸಾಲು. ರಾತ್ರಿಯಾದರೆ ಕತ್ತಲೆ, ಎಡವುವ ಹಗ್ಗಗಳು, ಮಲಗಿದ ಜನ. ಆದ್ದರಿಂದ ಅವರು ಬೆಳಿಗ್ಗೆಯಿಂದಲೇ ಲೆಕ್ಕ ಹಾಕಿ ನೀರು ಕುಡಿಯುವುದನ್ನು ಬಿಟ್ಟಿರುತ್ತಾರೆ. 'ಅತ್ತೆ, ನೀರು ಬೇಕೇ?' ಎಂದರೆ 'ಬೇಡ ಕಣಮ್ಮ, ಈಗ ತಾನೆ ಕುಡಿದೆ' ಎನ್ನುತ್ತಾರೆ. ಸೊಸೆಗೂ ಇದು ತಿಳಿಯದ ಸಂಗತಿಯಲ್ಲ, ಆಕೆಯೂ ಅದನ್ನೇ ಮಾಡುತ್ತಿರುತ್ತಾಳೆ.

ಹೀಗೆ ಒಂದೂವರೆ ದಿನ ಕಳೆದರೆ ಏನಾಗುವುದೆಂಬುದನ್ನು ನೋಡಿ. ಬಾಯಿ ಒಣಗುತ್ತದೆ, ಮೂತ್ರವು ಕಡಿಮೆಯಾಗಿ ಗಾಢ ಹಳದಿಯಾಗುತ್ತದೆ. ಕುಳಿತವರು ಎದ್ದೊಡನೆ ಕಣ್ಣು ಕತ್ತಲೆಗಟ್ಟುತ್ತದೆ. ಎರಡನೆಯ ರಾತ್ರಿ ಅಜ್ಜ ಏಕಾಏಕಿ ಎದ್ದು ಕುಳಿತು, ಎಲ್ಲಿದ್ದೇನೆಂಬುದನ್ನು ಮರೆತು, ಸತ್ತುಹೋದ ಅಣ್ಣನನ್ನು ಕೂಗಬಹುದು. ಸುತ್ತಲಿನವರು ದೇವರು ಮೈಮೇಲೆ ಬಂದಿತೆನ್ನುತ್ತಾರೆ, ಇಲ್ಲವೆ ಅರಳುಮರಳು ಎನ್ನುತ್ತಾರೆ. ನೆನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದ ವೃದ್ಧರು ಒಂದೇ ದಿನದಲ್ಲಿ ತಬ್ಬಿಬ್ಬಾದರೆ ಅದು ಅರಳುಮರಳಲ್ಲ. ನೀರಿನ ಕೊರತೆ, ಸೋಂಕು, ಸಕ್ಕರೆಯ ಏರುಪೇರು, ಲಕ್ವ ಇವುಗಳಲ್ಲಿ ಯಾವುದಾದರೂ ಒಂದರ ಲಕ್ಷಣವಾಗಿರಬಹುದು. ಬೆಳಗಾಗಲೆಂದು ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಅಂತಹ ಸ್ಥಿತಿಯಲ್ಲಿ ಎದ್ದು ನಡೆಯಲು ಹೋಗಿ ಬಿದ್ದು ತೊಡೆಯ ಸಂಧಿಯ ಮೂಳೆ ಮುರಿದುಕೊಂಡ ಹಿರಿಯರು ಮತ್ತೆ ಮೊದಲಿನಂತೆ ನಡೆದಾಡುವುದು ಕಷ್ಟ.

ಆದಕಾರಣ ನೀರಿನ ಪ್ರಶ್ನೆ ನಿಜವಾಗಿ ಶೌಚದ ಪ್ರಶ್ನೆಯಾಗಿದೆ. ಬಿಡಾರಕ್ಕೆ ಜಾಗ ಹುಡುಕುವಾಗ ಗಂಡಸರು ನೆರಳನ್ನೂ ತೇರಿನ ಬೀದಿಯನ್ನೂ ನೋಡುತ್ತಾರೆ. ಮೊದಲು ಶೌಚಾಲಯವನ್ನು ನೋಡಬೇಕು. ಹಿರಿಯರು ಕೋಲೂರಿಕೊಂಡು ಹೋಗಿ ಬರಬಹುದಾದಷ್ಟು ಹತ್ತಿರದಲ್ಲಿ ಬಿಡಾರವಿರಲಿ, ದುರ್ಗಂಧ ಬಡಿಯುವಷ್ಟು ಹತ್ತಿರ ಬೇಡ. ಹಳೆಯ ಸೀರೆಯೊಂದನ್ನು ನಾಲ್ಕು ಗಳುಗಳಿಗೆ ಕಟ್ಟಿ ಮರೆ ಮಾಡಿ ಮುಚ್ಚಳವಿರುವ ಒಂದು ಬಕೆಟ್ಟನ್ನು ಇಟ್ಟರೆ ರಾತ್ರಿಯ ಹೊತ್ತು ಅಜ್ಜಿಗೂ ಸೊಸೆಗೂ ಮಕ್ಕಳಿಗೂ ಆಗುವ ಉಪಕಾರ ಅಷ್ಟಿಷ್ಟಲ್ಲ. ಬೆಳಿಗ್ಗೆ ಅದನ್ನು ಶೌಚಾಲಯಕ್ಕೆ ಸುರಿದು ತೊಳೆಯುವ ಕೆಲಸವನ್ನು ಮಗನೇ ಮಾಡಲಿ. ಟಾರ್ಚನ್ನು ಅಜ್ಜನ ತಲೆಯ ಬಳಿಯೇ ಇಡಬೇಕು. ಈ ಏರ್ಪಾಟು ಆದ ಮೇಲೆ, 'ಬೇಕೇ' ಎಂದು ಕೇಳುವುದನ್ನು ಬಿಟ್ಟು ಗಂಟೆಗೊಮ್ಮೆ ಲೋಟವನ್ನು ಕೈಗೇ ಕೊಡಬೇಕು. ನೀರು ಸೇರದಿದ್ದರೆ ಮಜ್ಜಿಗೆ, ರಾಗಿಯ ಅಂಬಲಿ, ತಿಳಿಸಾರು ಯಾವುದಾದರೂ ಆದೀತು. ಹೃದಯದ ಇಲ್ಲವೆ ಮೂತ್ರಪಿಂಡದ ಕಾಯಿಲೆಗಾಗಿ ನೀರನ್ನು ಮಿತಗೊಳಿಸಲು ವೈದ್ಯರು ಹೇಳಿರುವವರು ಮಾತ್ರ ಅದೇ ಅಳತೆಯನ್ನು ಪಾಲಿಸಬೇಕು.

ಕುಡಿಯುವ ನೀರು ಎಲ್ಲಿಂದ ಎಂಬುದು ಮುಂದಿನ ಮಾತು. ಬೆಟ್ಟದ ಅಂತರಗಂಗೆಯಲ್ಲಿ ಸ್ನಾನ ಮಾಡುವುದು ಭಕ್ತರ ನಡೆ. ಆದರೆ ಸಾವಿರಾರು ಜನರು ಮಿಂದ ಯಾವ ಕೊಳದ ನೀರನ್ನೂ ಕುಡಿಯುವುದಕ್ಕಾಗಲಿ ಅಡುಗೆಗಾಗಲಿ ಬಳಸಕೂಡದು. ತೀರ್ಥಕ್ಕೆ ಒಂದು ಹನಿ ನಾಲಗೆಗೆ ಸೋಕಿಸುವುದು ಬೇರೆ, ಚೊಂಬು ತುಂಬಿ ಕುಡಿಯುವುದು ಬೇರೆ. ನಲ್ಲಿಯ ನೀರನ್ನೂ ಕುದಿಸಿ ಆರಿಸುವುದು ಉತ್ತಮ. ಸೌದೆ ಸಾಲದಿದ್ದರೆ ಆರೋಗ್ಯ ಕಾರ್ಯಕರ್ತೆಯಿಂದ ಕ್ಲೋರಿನ್ ಮಾತ್ರೆ ಪಡೆದು, ಪೊಟ್ಟಣದ ಮೇಲಿನ ಅಳತೆಯಂತೆ ಹಾಕಿ ಅರ್ಧ ಗಂಟೆ ಬಿಟ್ಟು ಬಳಸಬಹುದು.

ವಾಂತಿಭೇದಿ ಕಾಣಿಸಿಕೊಂಡರೆ ಓ.ಆರ್.ಎಸ್. ಪುಡಿ. ಇದರ ಮಹಿಮೆ ಜಗತ್ತಿಗೆ ತಿಳಿದದ್ದೂ ಒಂದು ಬಯಲು ಬಿಡಾರದಲ್ಲಿಯೇ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಕಾಲಕ್ಕೆ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿಯುತ್ತ ಬಂದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಸಕ್ಕರೆ, ಸೋಡಗಳನ್ನು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಬಂಧುಗಳ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ವೈದ್ಯರಲ್ಲದವರು, ಮನೆಯವರೇ, ಚಮಚ ಹಿಡಿದು ಉಳಿಸಿದ ಜೀವಗಳವು. ಒಂದು ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೆ ಪೂರ್ತಿಯಾಗಿ ಹಾಕಬೇಕು. ಅರ್ಧ ಪೊಟ್ಟಣ, ಅರ್ಧ ಲೋಟ ಎಂಬ ಅಂದಾಜು ಬೇಡ. 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಜ್ಜನಿಗೆ ಒತ್ತಡವಿದೆಯೆಂದು ಉಪ್ಪಿಗೆ ಅಂಜಿ, ಅಜ್ಜಿಗೆ ಸಕ್ಕರೆ ಕಾಯಿಲೆಯೆಂದು ಸಕ್ಕರೆಗೆ ಅಂಜಿ, ಭೇದಿಯ ಸಮಯದಲ್ಲಿ ಇದನ್ನು ಕೊಡದಿರುವವರುಂಟು. ಭೇದಿಯಾಗುತ್ತಿರುವಾಗ ಕೊಡಲೇಬೇಕು; ಕೊಡುತ್ತಲೇ ವೈದ್ಯರಲ್ಲಿಗೆ ಕರೆತರಬೇಕು. ಭೇದಿಯಾದ ಮಗುವಿಗೆ ಇದರೊಡನೆ ಸತುವಿನ ಮಾತ್ರೆಯನ್ನು 14 ದಿನ ಕೊಡಬೇಕೆಂಬುದನ್ನು ತಾಯಂದಿರು ಬಲ್ಲರು.

ಉಪವಾಸ

ಕಾರ್ತೀಕ ಸೋಮವಾರವೆಂದು, ದೇವರ ದರ್ಶನವಾಗಲಿ ಎಂದು ಅಜ್ಜಿ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟವನ್ನು ಮಾತ್ರ ಬಿಡುತ್ತಾರೆ. ದರ್ಶನದ ಸಾಲು ಮಧ್ಯಾಹ್ನ ದಾಟುತ್ತದೆ. ಆಗ ಕೈ ನಡುಗಿ, ಮೈ ಬೆವರಿ, ಮಾತು ತೊದಲಿ, ಸಾಲಿನಲ್ಲಿಯೇ ಕುಸಿಯುವುದುಂಟು. ಎಚ್ಚರವಿದ್ದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನೋ ಬೆಲ್ಲದ ಪಾನಕವನ್ನೋ ಕೊಟ್ಟು, ಚೇತರಿಸಿಕೊಂಡ ಮೇಲೆ ಊಟ ಮಾಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಕೂಡದು. ಉಸಿರಿನ ನಾಳಕ್ಕೆ ಹೋಗಿ ಪ್ರಾಣಾಪಾಯವಾದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ ಆಸ್ಪತ್ರೆಗೆ ಸಾಗಿಸಬೇಕು. ಉಪವಾಸ ಮಾಡಲೇಬೇಕೆಂಬ ಹಂಬಲವಿರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಮಾತ್ರೆಯ ಅಳತೆಯನ್ನು ಸರಿಪಡಿಸಿಕೊಳ್ಳಲಿ. ವೈದ್ಯರು ಬೈದಾರೆಂಬ ಸಂಕೋಚದಿಂದ ಅನೇಕರು ಕೇಳುವುದೇ ಇಲ್ಲ. ಈ ಸಂಕೋಚಕ್ಕೆ ನಮ್ಮ ಮಾತಿನ ಬಿರುಸೂ ಕಾರಣವಿರಬಹುದು.

ರಾತ್ರಿ

ಆ ಸೀಮೆಯಲ್ಲಿ ಹಿಂಗಾರು ಮಳೆ ದೀಪಾವಳಿಯ ಸುತ್ತಮುತ್ತಲೇ ಬರುತ್ತದೆ. ಬೆಟ್ಟದ ಮೇಲಿನ ರಾತ್ರಿ ಊರಿನ ರಾತ್ರಿಗಿಂತ ತಂಪು. ಒಣಗಿದ ಒಂದು ಜೊತೆ ಬಟ್ಟೆಯೂ ಕಂಬಳಿಯೂ ಹಿರಿಯರಿಗೆಂದೇ ಬೇರೆಯಾಗಿರಲಿ. ನೆಲಕ್ಕೆ ಮೊದಲು ತಾಡಪಾಲು, ಅದರ ಮೇಲೆ ಹುಲ್ಲು, ಮೇಲೆ ಚಾಪೆ. ಚಳಿಗೆಂದು ಇದ್ದಿಲಿನ ಕೆಂಡವನ್ನು ಮುಚ್ಚಿದ ಡೇರೆಯೊಳಗೆ ಇಟ್ಟು ಮಲಗುವ ಪದ್ಧತಿ ಮಾರಕವಾದುದು. ಕೆಂಡದಿಂದ ಹೊರಡುವ ಒಂದು ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡುತ್ತಾರೆ. ಬೆಂಕಿ ಹೊರಗಿರಲಿ, ಮಕ್ಕಳ ನೈಲಾನ್ ಅಂಗಿಗೆ ದೂರವಿರಲಿ.

ಈ ಬೆಟ್ಟಗಳು 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡಿನ ನಡುವೆ ಇವೆ. ಆನೆಗಳು ತಿರುಗುವ ಎಡೆಯಲ್ಲಿ ಗುರುತಿಸಿದ ಸ್ಥಳವನ್ನು ಬಿಟ್ಟು ಬಿಡಾರ ಹೂಡುವುದು ಹುಂಬತನ. ಆದರೆ ಆನೆಗಿಂತ ಹಾವಿನ ಭಯ ಹೆಚ್ಚು. ಕಟ್ಟುಹಾವು ರಾತ್ರಿಯ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಾಗಲಿ ಊತವಾಗಲಿ ಅಷ್ಟಾಗಿ ಕಾಣದು. ನಡುರಾತ್ರಿಯಲ್ಲಿ ಹೊಟ್ಟೆನೋವೆಂದು ಎದ್ದವರ ಕಣ್ಣೆವೆ ಜೋಲತೊಡಗಿದರೆ ಹಾವಿನ ಕಡಿತವನ್ನು ಶಂಕಿಸಬೇಕು. ಸೊಳ್ಳೆಪರದೆಯ ಅಂಚನ್ನು ಚಾಪೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದರೆ ಸೊಳ್ಳೆಯೂ ಬಾರದು, ಹಾವೂ ಬಾರದು. ಕಡಿದರೆ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು ಯಾವುದನ್ನೂ ಮಾಡಬಾರದು. ಕಡಿದ ಅಂಗವನ್ನು ಅಲುಗಾಡಿಸದೆ, ನಡೆಸದೆ, ಹೊತ್ತುಕೊಂಡು ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. 2024ರಲ್ಲಿ ನಮ್ಮ ರಾಜ್ಯವು ಹಾವು ಕಡಿತವನ್ನು ಸರ್ಕಾರಕ್ಕೆ ತಪ್ಪದೆ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಮಲೆನಾಡಿನ ವಾಚಕರಿಗೆ ಇಲ್ಲಿ ಒಂದು ಮಾತು. ತಮ್ಮಲ್ಲಿ ಕಾರ್ತೀಕದ ವನಭೋಜನದ ಹೊತ್ತಿಗೇ ಉಣುಗುಗಳ ಕಾಲವೂ ಪ್ರಾರಂಭವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಇವುಗಳ ಕಡಿತದಿಂದ ಬರುತ್ತದೆ. ಮಂಗ ಸತ್ತ ಕಾಡಿಗೆ ಹೋಗಲೇಬಾರದು. ತರಗೆಲೆಯ ಮೇಲೆ ಕೂರಬಾರದು. ಇಲಾಖೆಯು ಕೊಡುವ ಡೇಪಾ ತೈಲವನ್ನು ಕೈಕಾಲುಗಳಿಗೆ ಲೇಪಿಸಿಕೊಳ್ಳಬೇಕು.

ಗಂಡನ ಪಾಲು, ಹೆಂಡತಿಯ ಪಾಲು

ಜಾತ್ರೆಯೆಂದರೆ ಮನೆಯ ಮಂದಿಗೆಲ್ಲ ವಿರಾಮ. ಸೊಸೆಗೆ ಮಾತ್ರ ಮನೆಯ ಕೆಲಸವೇ ಬಯಲಿಗೆ ಬಂದಂತೆ. ಆರು ಜನರ ಅಡುಗೆ, ದೂರದಿಂದ ನೀರು, ಕಂಕುಳಲ್ಲಿ ಮಗು. ಮೂತ್ರವನ್ನು ಗಂಟೆಗಟ್ಟಲೆ ತಡೆದು ಊರಿಗೆ ಮರಳಿದ ಮೇಲೆ ಉರಿಮೂತ್ರ, ಚಳಿಜ್ವರ ಎಂದು ಬರುವ ಹೆಂಗಸರು ಕಡಿಮೆಯಲ್ಲ. ನೀರು ತರುವುದು, ಸೌದೆ ಒಟ್ಟುವುದು, ಹಿರಿಯರನ್ನು ಶೌಚಕ್ಕೆ ಕರೆದೊಯ್ಯುವುದು ಇವು ಗಂಡನ ಪಾಲಿಗಿರಲಿ. ಒಂದು ಹೊತ್ತಾದರೂ ದೇವಾಲಯದ ದಾಸೋಹದಲ್ಲಿ ಉಂಡು ಆಕೆಗೂ ತೇರು ನೋಡಲು ಬಿಡುವು ಕೊಡಬೇಕು. ಆಕೆ ಗರ್ಭಿಣಿಯಾಗಿದ್ದರೆ ಕಾಲ್ನಡಿಗೆಯ ಏರು ಬೇಡ, ಕಬ್ಬಿಣಾಂಶದ ಮಾತ್ರೆ ಒಂದು ದಿನವೂ ತಪ್ಪದಿರಲಿ, ತಾಯಿಕಾರ್ಡು ಚೀಲದಲ್ಲಿರಲಿ. ಮಾಲಾ-ಎನ್ ಮಾತ್ರೆ ನುಂಗುವವರು ಅದನ್ನೂ ಜೊತೆಗೆ ಒಯ್ಯಬೇಕು. ಒಂದು ರಾತ್ರಿ ಮರೆತರೆ ನೆನಪಾದೊಡನೆ ನುಂಗಿ, ಮುಂದಿನದನ್ನು ಎಂದಿನ ಹೊತ್ತಿಗೇ ನುಂಗಬೇಕು. ಎರಡು ಇಲ್ಲವೆ ಹೆಚ್ಚು ದಿನ ತಪ್ಪಿದರೆ ಮಾತ್ರೆಯನ್ನು ಮುಂದುವರಿಸುತ್ತಲೇ ಕೆಲವು ದಿನ ನಿರೋಧ್ ಬಳಸಿ ಆರೋಗ್ಯ ಕಾರ್ಯಕರ್ತೆಯ ಸಲಹೆ ಪಡೆಯತಕ್ಕದ್ದು.

ಊಟ ಮುಗಿದು, ಮಕ್ಕಳು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋದ ಹೊತ್ತಿನಲ್ಲಿ ಇನ್ನೊಂದು ಮಾತು ಬಂದೇ ಬರುತ್ತದೆ. 'ಮಾದಪ್ಪ ಒಂದು ಗಂಡು ಕೊಟ್ಟರೆ ಮುಂದಿನ ವರ್ಷ ಮುಡಿ ಕೊಡಿಸೋಣ' ಎಂದು ಅಜ್ಜಿ ಹೇಳುತ್ತಾರೆ. ಸೊಸೆ ತಲೆ ತಗ್ಗಿಸುತ್ತಾಳೆ, ಮಗ ಒಲೆಯ ಬೆಂಕಿಯನ್ನು ಕೆದಕುತ್ತಾನೆ. ಅಜ್ಜಿಯನ್ನು ದೂಷಿಸಿ ಫಲವಿಲ್ಲ. ಆಕೆ ಬಸಿರಾಗುತ್ತಿದ್ದ ಕಾಲದಲ್ಲಿ ಹೆತ್ತವುಗಳಲ್ಲಿ ಎಷ್ಟು ಉಳಿದಾವೆಂಬ ಭರವಸೆಯಿರಲಿಲ್ಲ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ಮೊದಲ ಹುಟ್ಟುಹಬ್ಬವನ್ನು ಕಾಣುತ್ತಿರಲಿಲ್ಲ. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿದಿತ್ತು. ಆಕೆಯ ಅಂಜಿಕೆಗೆ ಆಧಾರವಿತ್ತು, ಇಂದು ಆ ಆಧಾರ ಬಹುಮಟ್ಟಿಗೆ ಕಳಚಿದೆ. ಇದನ್ನು ಹೇಳಬೇಕಾದವನು ಮಗ, ಸೊಸೆಯಲ್ಲ. 'ಅವ್ವ, ಈ ಇಬ್ಬರನ್ನೇ ಚೆನ್ನಾಗಿ ಓದಿಸುತ್ತೇವೆ. ಇನ್ನು ಸಾಕೆಂದು ನಾವಿಬ್ಬರೂ ಯೋಚಿಸಿದ್ದೇವೆ' ಎಂದು ಅವನು ಮೆಲ್ಲಗೆ, ಹೆಂಡತಿಯ ಎದುರಿನಲ್ಲಿಯೇ ಹೇಳಿದರೆ ಆಕೆಯ ಹೆಗಲಿನ ಹೊರೆ ಅರ್ಧ ಇಳಿದಂತೆ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುತ್ತದೆಂಬ ಸತ್ಯವನ್ನು ಅಜ್ಜನಿಗೆ ತಿಳಿಸಲು ಇಂತಹ ಬಿಡುವಿನ ರಾತ್ರಿಗಿಂತ ಒಳ್ಳೆಯ ಸಮಯ ದೊರೆಯದು. ಭ್ರೂಣದ ಲಿಂಗ ತಿಳಿಯುವ ಪರೀಕ್ಷೆ 1994ರ ಶಾಸನದ ಪ್ರಕಾರ ಅಪರಾಧ. ಇನ್ನು ಸಾಕೆಂದು ನಿಶ್ಚಯಿಸಿದ ದಂಪತಿಗಳಲ್ಲಿ ಶಸ್ತ್ರಚಿಕಿತ್ಸೆಗೆ ಗಂಡನೇ ಮುಂದಾಗಬಹುದು. ಹೊಲಿಗೆಯಿಲ್ಲದ ಆ ಚಿಕಿತ್ಸೆ ಹೆಂಗಸರದಕ್ಕಿಂತ ಸರಳವಾದುದು. ಆದರೆ ಅದನ್ನು ಜಾತ್ರೆಯಿಂದ ಬಂದ ಮೇಲೆ ಮಾಡಿಸಿಕೊಳ್ಳಲಿ, ಬೆಟ್ಟ ಹತ್ತುವ ವಾರದಲ್ಲಿ ಬೇಡ.

ಮರಳಿದ ಮೇಲೆ

ಊರಿಗೆ ಬಂದೊಡನೆ ಕೊಯ್ಲಿನ ಸಿದ್ಧತೆಯಲ್ಲಿ ಎಲ್ಲರೂ ಮುಳುಗಿಬಿಡುತ್ತಾರೆ. ಹಿರಿಯರ ಆಯಾಸ ಎರಡು ಮೂರು ದಿನ ತಡವಾಗಿ ಕಾಣಿಸಿಕೊಳ್ಳುತ್ತದೆ. ಆ ವಾರದಲ್ಲಿ ಒಮ್ಮೆ ಉಪಕೇಂದ್ರಕ್ಕೆ ಹೋಗಿ ಅಜ್ಜನ ರಕ್ತದ ಒತ್ತಡವನ್ನೂ ಅಜ್ಜಿಯ ಸಕ್ಕರೆಯನ್ನೂ ನೋಡಿಸಬೇಕು. ಸಕ್ಕರೆ ಕಾಯಿಲೆಯವರ ಅಂಗಾಲುಗಳನ್ನು ಬೆಳಕಿನಲ್ಲಿ ಮಗನೋ ಸೊಸೆಯೋ ಪರೀಕ್ಷಿಸಲಿ. ಬರಿಗಾಲಲ್ಲಿ ನಡೆದಾಗ ಚುಚ್ಚಿದ ಮುಳ್ಳು, ಬಂದ ಬೊಬ್ಬೆ ಅವರ ಅರಿವಿಗೇ ಬಂದಿರುವುದಿಲ್ಲ. ಅದೇ ಹುಣ್ಣಾಗಿ ಬೆರಳನ್ನು ಕಳೆಯುವುದುಂಟು. ಮನೆಯ ಯಾರಿಗಾದರೂ ಎರಡು ಮೂರು ವಾರಗಳೊಳಗೆ ಜ್ವರ ಬಂದರೆ ತಾವು ಯಾವ ಜಾತ್ರೆಗೆ, ಯಾವ ಕಾಡಿಗೆ ಹೋಗಿದ್ದೆವೆಂಬುದನ್ನು ಕೇಳುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಯಾವ ರಕ್ತಪರೀಕ್ಷೆಯನ್ನು ಮೊದಲು ಮಾಡಿಸಬೇಕೆಂಬುದನ್ನು ನಾವು ಆ ಮಾತಿನಿಂದಲೇ ನಿರ್ಧರಿಸುತ್ತೇವೆ.